ಗಂಟಿನಲ್ಲಿ ಏನೇನಿರಬೇಕು?

ದನಿ ದಾಖಲಿಸಿ, ಕತ್ತರಿಸಿ, ಜೋಡಿಸಲು ಕಲಿಯುವವರು ಮೊದಲು ಕೈಗೆತ್ತಿಕೊಳ್ಳುವ ಉಚಿತ ತಂತ್ರಾಂಶಗಳಲ್ಲಿ ಅಡಾಸಿಟಿ ಒಂದು. ಆದರೆ ಬಹಳ ವರ್ಷ ಅದರಲ್ಲೊಂದು ತೊಡಕಿತ್ತು. ಕೆಲಸವೆಲ್ಲ ಮುಗಿಸಿ ಎಂಪಿ3 ಕಡತವಾಗಿ ಉಳಿಸಲು ಹೋದರೆ, 'ಲೇಮ್' ಎಂಬ ಇನ್ನೊಂದು ತಂತ್ರಾಂಶ ಬೇಕೆನ್ನುತ್ತಿತ್ತು. ಅದನ್ನು ಬೇರೆ ಕಡೆಯಿಂದ ಇಳಿಸಿ ಹಾಕಿಕೊಳ್ಳಬೇಕಿತ್ತು. ಹೊಸಬರು ಕೈಚೆಲ್ಲುತ್ತಿದ್ದುದು ಅಲ್ಲೇ.

ಇದಕ್ಕೆ ಕಾರಣ ತಯಾರಕರ ಉದಾಸೀನವಲ್ಲ, ಪೇಟೆಂಟ್. ಲೇಮ್ ಮುಕ್ತ ತಂತ್ರಾಂಶವೇ ಆಗಿದ್ದರೂ ಎಂಪಿ3 ತಂತ್ರದ ಹಕ್ಕು ಬೇರೆಯವರದಾಗಿತ್ತು. ಆ ಪರವಾನಗಿ ವ್ಯವಸ್ಥೆ 2017ರ ಏಪ್ರಿಲ್‌ನಲ್ಲಿ ಮುಗಿಯಿತು. 2019ರ 2.3.2 ಆವೃತ್ತಿಯಿಂದ ಲೇಮ್ ಅಡಾಸಿಟಿಯ ಜೊತೆಗೇ ಬಂತು. ಬಳಕೆದಾರರ ಒಂದು ದೊಡ್ಡ ತಲೆನೋವು ಕಳೆಯಿತು.

ಹಾಗೆಂದು ಸಿಕ್ಕಿದ್ದನ್ನೆಲ್ಲ ಒಂದೇ ಗಂಟಿಗೆ ತುಂಬುವುದೂ ಸಲ್ಲ. ಮುಕ್ತ ತಂತ್ರಾಂಶಗಳ ಹೆಸರಾಂತ ತಾಣ ಸೋರ್ಸ್‌ಫೋರ್ಜ್, 2013ರಲ್ಲಿ ಇನ್‌ಸ್ಟಾಲರ್‌ಗಳ ಜೊತೆ ಜಾಹೀರಾತಿನ ತಂತ್ರಾಂಶಗಳನ್ನು ಸೇರಿಸತೊಡಗಿತು. ಚಿತ್ರ ತಿದ್ದುವ ಗಿಂಪ್‌ನ ವಿಂಡೋಸ್ ಆವೃತ್ತಿ ಸಿದ್ಧಪಡಿಸುವವರು ಅದೇ ವರ್ಷ ಆ ತಾಣ ಬಿಟ್ಟು ಹೊರಬಂದರು. 2015ರಲ್ಲಿ ತಾಣವೇ ಅವರ ಹಳೆಯ ಪುಟವನ್ನು ವಶಕ್ಕೆ ತೆಗೆದುಕೊಂಡು, ಜಾಹೀರಾತು ಸುತ್ತಿದ ಗಿಂಪನ್ನು ಹಂಚಿತು. ಮರುವರ್ಷ ಬಂದ ಹೊಸ ಮಾಲೀಕರು ಈ ಪದ್ಧತಿಯನ್ನು ನಿಲ್ಲಿಸಿದರು.

ಒಳ್ಳೆಯ ಉದ್ದೇಶದ ಗಂಟಿಗೂ ಅಪಾಯವುಂಟು. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ ಉಪಕರಣದಲ್ಲಿ ಗಂಭೀರ ಲೋಪ ಬಯಲಾಯಿತು. ಅಸಂಖ್ಯ ತಂತ್ರಾಂಶಗಳು ಅದರ ಪ್ರತಿಯನ್ನು ತಮ್ಮೊಳಗೇ ಇರಿಸಿಕೊಂಡಿದ್ದವು. ತಮ್ಮ ಯಂತ್ರದಲ್ಲಿ ಅದು ಎಲ್ಲೆಲ್ಲಿ ಅಡಗಿದೆಯೆಂದು ಹುಡುಕುವುದೇ ಆಡಳಿತಗಾರರಿಗೆ ದೊಡ್ಡ ಕೆಲಸವಾಯಿತು. ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳು ಹಂಚಿಕೆಯ ಉಪಕರಣಗಳನ್ನು ಪ್ರತ್ಯೇಕವಾಗಿ ಇಡಲು ಬಯಸುವುದು ಇದಕ್ಕೇ: ಒಂದನ್ನು ತಿದ್ದಿದರೆ ಅದನ್ನು ನೆಚ್ಚಿದ್ದೆಲ್ಲವೂ ಸರಿಹೋಗುತ್ತದೆ.

ನನ್ನ ತೀರ್ಮಾನ ಇಷ್ಟು. ಯಾವುದಿಲ್ಲದೆ ಕೆಲಸ ಪೂರ್ತಿಯಾಗದೋ ಅದು ಜೊತೆಯಲ್ಲೇ ಬರಲಿ. ಅದಕ್ಕೆ ಲೋಪ ಕಂಡರೆ ತಕ್ಷಣ ಹೊಸ ಆವೃತ್ತಿ ಕೊಡುವ ಹೊಣೆಯನ್ನೂ ತಯಾರಕರು ಹೊರಲಿ. ಉಳಿದದ್ದನ್ನು ಕೇಳಿ ಕೊಡಲಿ, ಮೊದಲೇ ಟಿಕ್ ಹಾಕಿಟ್ಟು ಅಲ್ಲ. ನಾವೂ ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳೋಣ; 'ಮುಂದೆ' ಗುಂಡಿ ಒತ್ತುವ ಮೊದಲು ಪ್ರತಿ ಪರದೆಯನ್ನೂ ಓದೋಣ.