ಕಿವಿಯ ಕೆಳಗೆ ನೋವಿಲ್ಲದ ಗಂಟು: ಎಂಆರ್‌ಐ ಏನು ಹೇಳುತ್ತದೆ?



ಗಡ್ಡ ಹೆರೆಯುವಾಗಲೋ, ಓಲೆ ಹಾಕಿಕೊಳ್ಳುವಾಗಲೋ ಕಿವಿಯ ಕೆಳಗೆ ಗೋಲಿಯಷ್ಟು ಗಂಟೊಂದು ಕೈಗೆ ಸಿಗುತ್ತದೆ. ನೋವಿಲ್ಲ, ಜ್ವರವಿಲ್ಲ. "ಊರಿಗೆ ಹೋದಾಗ ತೋರಿಸಿದರಾಯ್ತು" ಎಂದು ಸುಮ್ಮನಾಗುತ್ತೇವೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಹೀಗೆಯೇ ವರ್ಷಗಳು ಉರುಳುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

*ಅಲ್ಲಿ ಏನಿದೆ?*
ಬಾಯಿಗೆ ಜೊಲ್ಲು ಒದಗಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ ಪರೋಟಿಡ್, ದವಡೆಯ ಕೆಳಗೆ ಒಂದು ಜೊತೆ, ನಾಲಿಗೆಯ ಅಡಿಯಲ್ಲಿ ಇನ್ನೊಂದು. ಮಂಗನಬಾವು ಬಂದಾಗ ಊದಿಕೊಳ್ಳುವುದು ಹೆಚ್ಚಾಗಿ ಈ ಪರೋಟಿಡ್. ಜೊಲ್ಲು ಗ್ರಂಥಿಗಳ ಗಡ್ಡೆಗಳಲ್ಲಿ ಹೆಚ್ಚಿನವು ಬರುವುದೂ ಇಲ್ಲೇ. ಸಮಾಧಾನದ ಮಾತೆಂದರೆ, ಪರೋಟಿಡ್ ಗಡ್ಡೆಗಳಲ್ಲಿ 100ಕ್ಕೆ ಸುಮಾರು 80 ಕ್ಯಾನ್ಸರ್ ಅಲ್ಲ. ಆದರೆ ಗ್ರಂಥಿ ಚಿಕ್ಕದಾದಷ್ಟೂ ಕ್ಯಾನ್ಸರ್ ಸಾಧ್ಯತೆ ಹೆಚ್ಚು. ಆದ್ದರಿಂದ ನಾಲಿಗೆಯ ಅಡಿಯ ಗಂಟನ್ನು ಎಂದೂ ಕಡೆಗಣಿಸಬೇಡಿ.

*ಕ್ಯಾನ್ಸರ್ ಅಲ್ಲ ಎಂದಾದರೆ ಸಾಕಲ್ಲವೇ?*
ಸಾಲದು. ಕ್ಯಾನ್ಸರ್ ಅಲ್ಲದ ಗಡ್ಡೆಗಳಲ್ಲಿ ಮುಖ್ಯವಾದವು ಎರಡು.

👉 ಪ್ಲಿಯೋಮಾರ್ಫಿಕ್ ಅಡಿನೋಮಾ: ಎಲ್ಲಕ್ಕಿಂತ ಸಾಮಾನ್ಯ. ನಿಧಾನವಾಗಿ ಬೆಳೆಯುತ್ತದೆ. ಹಲವು ವರ್ಷ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರ್ ಆಗಬಹುದು. ಹಾಗಾಗಿ ಸಾಮಾನ್ಯವಾಗಿ ಆಪರೇಷನ್ ಸಲಹೆ ಕೊಡುತ್ತಾರೆ. ತೆಗೆಯುವಾಗ ಗಡ್ಡೆಯ ಹೊದಿಕೆ ಒಡೆದರೆ ಎಷ್ಟೋ ವರ್ಷಗಳ ನಂತರವೂ ಮತ್ತೆ ಬರಬಹುದು.

👉 ವಾರ್ತಿನ್ ಟ್ಯೂಮರ್: ಹೆಚ್ಚಾಗಿ ನಡುವಯಸ್ಸು ದಾಟಿದ, ಸಿಗರೇಟು ಸೇದುವವರಲ್ಲಿ. ಕೆಲವೊಮ್ಮೆ ಎರಡೂ ಕಡೆ ಬರುತ್ತದೆ. ಕ್ಯಾನ್ಸರ್ ಆಗುವುದು ತೀರಾ ವಿರಳ. ಕೆಲವರಿಗೆ ಆಪರೇಷನ್ ಇಲ್ಲದೆ ಗಮನಿಸುತ್ತಿದ್ದರೂ ಸಾಕಾಗುತ್ತದೆ.

ಪರೋಟಿಡ್ ಗ್ರಂಥಿಯ ನಡುವೆಯೇ ಮುಖದ ನರ ಹಾದುಹೋಗುತ್ತದೆ. ಕಣ್ಣು ಮುಚ್ಚಲು, ನಗಲು ಬೇಕಾದದ್ದು ಅದೇ ನರ. ಕತ್ತರಿ ಹಾಕುವ ಮುನ್ನವೇ ಗಡ್ಡೆ ಯಾವುದು, ಎಷ್ಟು ಆಳದಲ್ಲಿದೆ ಎಂದು ತಿಳಿಯಬೇಕಾದದ್ದು ಇದಕ್ಕೇ.

*ಎಂಆರ್‌ಐ ಹೇಗೆ ಗುರುತಿಸುತ್ತದೆ?*
1️⃣ ಬಣ್ಣ: ಟಿ2 ಎಂಬ ಚಿತ್ರದಲ್ಲಿ ಪ್ಲಿಯೋಮಾರ್ಫಿಕ್ ಗಡ್ಡೆ ಸಾಮಾನ್ಯವಾಗಿ ಬೆಳ್ಳಗೆ ಹೊಳೆಯುತ್ತದೆ. ವಾರ್ತಿನ್ ಮತ್ತು ಹಲವು ಕ್ಯಾನ್ಸರ್‌ಗಳು ಮಸುಕಾಗಿ ಕಾಣುತ್ತವೆ.
2️⃣ ನೀರಿನ ಓಡಾಟ: ಸಂಜೆಯ ಲೋಕಲ್ ರೈಲಿನ ಡಬ್ಬಿಯಂತೆ ಜೀವಕೋಶಗಳು ಕಿಕ್ಕಿರಿದಿದ್ದರೆ ನೀರಿನ ಕಣಗಳಿಗೆ ಓಡಾಡಲು ಜಾಗವಿರದು. ರಿಪೋರ್ಟಿನಲ್ಲಿ 'ಎಡಿಸಿ' ಎಂಬ ಅಂಕಿ ಇದನ್ನೇ ಹೇಳುತ್ತದೆ. ಪ್ಲಿಯೋಮಾರ್ಫಿಕ್‌ನಲ್ಲಿ ಅದು ಹೆಚ್ಚು, ವಾರ್ತಿನ್‌ನಲ್ಲಿ ಕಡಿಮೆ.
3️⃣ ಕಾಂಟ್ರಾಸ್ಟ್: ರಕ್ತನಾಳಕ್ಕೆ ಕೊಡುವ ಔಷಧವನ್ನು ಪ್ಲಿಯೋಮಾರ್ಫಿಕ್ ನಿಧಾನವಾಗಿ ಹೀರಿಕೊಳ್ಳುತ್ತದೆ. ವಾರ್ತಿನ್ ಬೇಗ ಹೀರಿ ಬೇಗ ಬಿಟ್ಟುಬಿಡುತ್ತದೆ. ಕ್ಯಾನ್ಸರ್ ಗಡ್ಡೆ ಎಷ್ಟೋ ಸಲ ಬೇಗ ಹೀರಿ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ.

ಅಂಚು ಕಲಸಿಹೋಗಿದ್ದರೆ, ನರದ ಗುಂಟ ಹರಡಿದ್ದರೆ ಕ್ಯಾನ್ಸರ್ ಅನುಮಾನ ಬಲವಾಗುತ್ತದೆ.

*ಎಂಆರ್‌ಐ ಒಂದೇ ಸಾಕೇ?*
ಇಲ್ಲ. ಕೆಲವು ಕ್ಯಾನ್ಸರ್‌ಗಳು ಸಾಧು ಗಡ್ಡೆಯಂತೆಯೇ ಕಾಣುತ್ತವೆ. ವಾರ್ತಿನ್‌ನಲ್ಲೂ ಕ್ಯಾನ್ಸರ್‌ನಲ್ಲೂ ಎಡಿಸಿ ಕಡಿಮೆ ಇರಬಹುದು. ಅದಕ್ಕೇ ಎಫ್‌ಎನ್‌ಎಸಿ ಎಂಬ ಸೂಜಿ ಪರೀಕ್ಷೆಯೂ ಬೇಕು. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ" ಎಂದು ಹೆದರಿಸುವವರಿದ್ದಾರೆ. ಈ ತೆಳು ಸೂಜಿಯಿಂದ ಹಾಗಾಗುವುದು ತೀರಾ ಅಪರೂಪ. ಆಪರೇಷನ್ ಆದರೆ, ತೆಗೆದ ಗಡ್ಡೆಯ ಬಯಾಪ್ಸಿಯೇ ಕೊನೆಯ ಮಾತು.

*ಸ್ಕ್ಯಾನ್‌ಗೆ ಮುನ್ನ*
✅ ಪೇಸ್‌ಮೇಕರ್, ಮೈಯೊಳಗೆ ಲೋಹ, ಕಿಡ್ನಿ ತೊಂದರೆ, ಗರ್ಭ ಇದ್ದರೆ ಮೊದಲೇ ಹೇಳಿ.
✅ ಹಲ್ಲಿನ ತಂತಿ, ಲೋಹದ ಕ್ಯಾಪ್ ಇದ್ದರೂ ತಿಳಿಸಿ. ಚಿತ್ರ ಕೆಡಬಹುದು.
✅ ತಾಳಿ, ಮೂಗುತಿ, ಬಳೆ, ಹೇರ್‌ಪಿನ್ ತೆಗೆದಿಟ್ಟು ಹೋಗಿ.
✅ ಶಬ್ದ ಜೋರು, ಆದರೆ ನೋವಿಲ್ಲ. ಎಕ್ಸ್‌ರೇ ಕಿರಣವೂ ಇಲ್ಲ. ಅಲುಗಾಡದೆ ಮಲಗಿ.
✅ ರಿಪೋರ್ಟಿನ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ. ನಾಳೆ ಪುಣೆಯಿಂದ ಹೈದರಾಬಾದಿಗೆ ವರ್ಗವಾದರೆ, ಹೊಸ ಡಾಕ್ಟರು ಹಳೆಯ ಚಿತ್ರದೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ.

*ಇವಿದ್ದರೆ ತಡ ಬೇಡ* ⚠️
ಗಂಟು ಬೇಗ ಬೆಳೆಯುವುದು, ಕಲ್ಲಿನಂತೆ ಗಟ್ಟಿಯಾಗಿ ಅಲುಗದಿರುವುದು, ಬಿಡದ ನೋವು, ಚರ್ಮ ಜೋಮು ಹಿಡಿಯುವುದು, ಕುತ್ತಿಗೆಯಲ್ಲೂ ಗಂಟು, ಕಣ್ಣು ಪೂರ್ತಿ ಮುಚ್ಚದಿರುವುದು. ಬಾಯಿ ಹಠಾತ್ತನೆ ಸೊಟ್ಟಗಾದರೆ ಅದು ಲಕ್ವವೂ ಇರಬಹುದು, ತಕ್ಷಣ ಆಸ್ಪತ್ರೆಗೆ ಓಡಿ.

ಇವು ಯಾವುದೂ ಇಲ್ಲದಿದ್ದರೂ, ಎರಡು ಮೂರು ವಾರದಲ್ಲಿ ಕರಗದ ಗಂಟನ್ನು ಇರುವ ಊರಿನಲ್ಲೇ ಇಎನ್‌ಟಿ ವೈದ್ಯರಿಗೆ ತೋರಿಸಿ. "ಚಿಕ್ಕ ಗಂಟು, ಈಗಲೇ ತೆಗೆದುಬಿಡೋಣ" ಎಂದು ಯಾರಾದರೂ ಅವಸರ ಮಾಡಿದರೆ ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಮೊದಲು ಸ್ಕ್ಯಾನ್, ಸೂಜಿ ಪರೀಕ್ಷೆ ಬೇಡವೇ?"

ಇಂದು ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪ ಅಮ್ಮನನ್ನೂ ಒಮ್ಮೆ ಕೇಳಿ. ನಿಮ್ಮ ಬಳಗದವರಿಗೂ ಇದನ್ನು ತಲುಪಿಸಿ. ಆರೋಗ್ಯವಾಗಿರಿ 🌿