ಕಂಪ್ಯೂಟರು ಏಳದಿದ್ದಾಗ

ಮುಂಗಾರಿಗೆ ಮುನ್ನ ಘಟ್ಟದ ಕಡೆಯಿಂದ ಗುಡುಗು ಕೇಳಿಬಂದೊಡನೆ ಬಂಟ್ವಾಳ, ಬೆಳ್ತಂಗಡಿಗಳ ಮನೆಗಳಲ್ಲಿ ಪ್ಲಗ್ಗುಗಳನ್ನು ಕಿತ್ತಿಡುವುದುಂಟು. ಒಂದು ಸಂಜೆ ಅದು ಮರೆತುಹೋಯಿತೆನ್ನೋಣ. ಮರುದಿನ ಗುಂಡಿಯನ್ನು ಒತ್ತಿದರೆ ಕಂಪ್ಯೂಟರು ಏಳುವುದಿಲ್ಲ. ವರ್ಷವಿಡೀ ಬರೆದ ಟಿಪ್ಪಣಿ, ಅಂಕಪಟ್ಟಿಯ ಪ್ರತಿ, ಗತಿಸಿದ ಅಜ್ಜಿಯ ಚಿತ್ರ ಎಲ್ಲವೂ ಅದರೊಳಗಿವೆ. ಅವು ನಾಶವಾದುವೆ?

ಆಗಿರಲೇಬೇಕೆಂದಿಲ್ಲ. ಬೀಗ ಕೆಟ್ಟ ಮಾತ್ರಕ್ಕೆ ಪೆಟ್ಟಿಗೆಯೊಳಗಿನ ಪತ್ರ ಹರಿಯುವುದಿಲ್ಲವಷ್ಟೆ. ನಮ್ಮ ಕಡತಗಳು ಉಳಿದಿರುವುದು ಹಾರ್ಡ್ ಡಿಸ್ಕಿನಲ್ಲಿ ಅಥವಾ ಎಸ್‌ಎಸ್‌ಡಿಯಲ್ಲಿ. ಮಿಕ್ಕ ಭಾಗಗಳು ಅವನ್ನು ಓದಿಕೊಡುವ ಪರಿಚಾರಕರು. ಆದುದರಿಂದ ಕೆಟ್ಟಿರುವುದು ಯಾವುದೆಂದು ಮೊದಲು ತಿಳಿಯಬೇಕು.

ದೀಪವೂ ಉರಿಯದೆ, ಫ್ಯಾನೂ ತಿರುಗದೆ ಇದ್ದರೆ ವಿದ್ಯುತ್ತನ್ನು ಒದಗಿಸುವ ಭಾಗದ ಮೇಲೆ ಸಂಶಯಪಡಬೇಕು. ಆ ಪೆಟ್ಟಿಗೆಯನ್ನು ನಾವೇ ಬಿಚ್ಚಕೂಡದು; ಪ್ಲಗ್ಗನ್ನು ತೆಗೆದ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ನಿಂತಿರಬಹುದು. ಡಿಸ್ಕು ಮಾತ್ರ ಕ್ಷೇಮವಾಗಿರುವ ಸಂಭವವುಂಟು. ಅದನ್ನು ಬಲ್ಲವರಿಂದ ತೆಗೆಸಿ, ತಕ್ಕ ಯುಎಸ್‌ಬಿ ಕೇಬಲ್ಲಿನಿಂದ ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನೋಡಬಹುದು.

ತಯಾರಕರ ಚಿಹ್ನೆ ಪರದೆಯ ಮೇಲೆ ಮೂಡಿ ಅಲ್ಲಿಗೇ ನಿಂತರೆ, ಹಲವು ವೇಳೆ ಕೆಟ್ಟಿರುವುದು ವಿಂಡೋಸ್ ಮುಂತಾದ ಆಪರೇಟಿಂಗ್ ಸಿಸ್ಟಮ್. ಆಗ ಗೆಳೆಯನ ಕಂಪ್ಯೂಟರಿನ ನೆರವಿನಿಂದ ಪೆನ್ ಡ್ರೈವಿನಲ್ಲಿ ಲಿನಕ್ಸನ್ನು ಸಿದ್ಧಪಡಿಸಿಕೊಂಡು, ಅದರಿಂದಲೇ ನಮ್ಮ ಯಂತ್ರವನ್ನು ಎಬ್ಬಿಸಬಹುದು. ಈ ಅತಿಥಿ ಡಿಸ್ಕಿನಲ್ಲಿ ನೆಲೆಸದೆಯೇ ಕಡತಗಳನ್ನು ಓದಬಲ್ಲುದು. ಅವನ್ನು ಮತ್ತೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳುವುದು ಮೊದಲ ಕೆಲಸ, ದುರಸ್ತಿ ಆಮೇಲಿನದು. ಆತುರದಿಂದ ‘ಫಾರ್ಮ್ಯಾಟ್’ ಮಾಡಿದವರು ಉಳಿದಿದ್ದುದನ್ನೂ ಕಳೆದುಕೊಳ್ಳುತ್ತಾರೆ.

ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಕೂಡಲೇ ಯಂತ್ರವನ್ನು ಆರಿಸಬೇಕು. ಮನೆಯ ಕಂಪ್ಯೂಟರುಗಳಲ್ಲಿ ಅದರ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ಮೊನೆ ಅವುಗಳಿಂದ ಕೆಲವೇ ನ್ಯಾನೋಮೀಟರುಗಳಷ್ಟು ಮೇಲೆ ತೇಲುತ್ತಿರುತ್ತದೆ. ಅದು ತಟ್ಟೆಗೆ ತಗಲಿದರೆ ಅಕ್ಷರಗಳೇ ಕೆರೆದುಹೋಗುತ್ತವೆ. ಇಲ್ಲಿ ನಮ್ಮ ಪ್ರಯೋಗ ಸಲ್ಲದು. ತಜ್ಞರ ಕೈ ಬೇಕು.

ಇನ್ನೊಂದು ತೊಡಕು ಕೀಲಿಯದು. ಬರಿಯ ಪಾಸ್‌ವರ್ಡ್ ಮರೆತಿದ್ದರೆ, ಗೂಢಲಿಪಿಗೆ ತಿರುಗಿಸದ ಡಿಸ್ಕನ್ನು ಮೇಲಿನ ಕ್ರಮದಿಂದಲೇ ಓದಬಹುದು. ಆದರೆ ಈಗಿನ ಅನೇಕ ಕಂಪ್ಯೂಟರುಗಳಲ್ಲಿ ಬಿಟ್‌ಲಾಕರ್ ಎಂಬ ಏರ್ಪಾಡು ಕಡತಗಳನ್ನೆಲ್ಲ ಗೂಢಲಿಪಿಯಲ್ಲಿಯೇ ಇಡುತ್ತದೆ. ಅದನ್ನು ಬಿಡಿಸುವ ಕೀಲಿ 48 ಅಂಕೆಗಳದು. ಅದಿಲ್ಲದೆ, ಯಾವ ಯಂತ್ರಕ್ಕೆ ಜೋಡಿಸಿದರೂ ಆ ಬರಹ ಅರ್ಥವಾಗದು. ಕೀಲಿ ಹಲವು ವೇಳೆ ಒಡೆಯನ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದಿಡುವುದು ವಿವೇಕ.

ಎಷ್ಟು ಉಪಾಯ ತಿಳಿದಿದ್ದರೂ ಒಂದೇ ಪ್ರತಿಯನ್ನು ನೆಚ್ಚಿದವನು ಅದೃಷ್ಟವನ್ನು ನೆಚ್ಚಿದಂತೆಯೇ. ನಕಲನ್ನು ಅದೇ ಮೇಜಿನಲ್ಲಿಟ್ಟರೂ ಸಾಲದು. 1974ರಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಗೆ ನುಗ್ಗಿದಾಗಲೂ, 2019ರಲ್ಲಿ ಬೆಳ್ತಂಗಡಿಯ ಹಳ್ಳಿಗಳನ್ನು ನೆರೆ ಹೊಕ್ಕಾಗಲೂ ನೀರು ಮೂಲವನ್ನೂ ನಕಲನ್ನೂ ಬೇರೆ ಮಾಡಿ ನೋಡಲಿಲ್ಲ. ಒಂದು ಪ್ರತಿ ಬೇರೆ ಊರಿನಲ್ಲಿರಲಿ, ಇಲ್ಲವೆ ಅಂತರಜಾಲದ ಸಂಗ್ರಹದಲ್ಲಿರಲಿ.

ಈ ಪಾಠ ನಮ್ಮ ನೆರೆಯ ಮೂಡುಬಿದಿರೆಗೆ ಹೊಸತಲ್ಲ. ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಅಲ್ಲಿಯ ಬಸದಿಯೊಂದರಲ್ಲಿ ಮಾತ್ರ ಉಳಿದಿದ್ದುವು. ನಕಲು ಕಾಗದಕ್ಕಿಳಿದು ಹೊರಬಂದುದರಿಂದಲೇ 1939ರಲ್ಲಿ ಆ ಗ್ರಂಥದ ಮೊದಲ ಸಂಪುಟ ಅಚ್ಚಾಗಲು ಸಾಧ್ಯವಾಯಿತು. ಗರಿಯಾಗಲಿ, ಡಿಸ್ಕಾಗಲಿ, ಅಕ್ಷರ ಬಾಳುವುದು ನಕಲಿನಿಂದ. ಮುಂದಿನ ಗುಡುಗಿಗೆ ಮೊದಲು ನಿಮ್ಮದೂ ಒಂದು ಸಿದ್ಧವಾಗಲಿ.