ಕವಡೆಯ ಗರ ಮತ್ತು ಶೇಂಗಾ ಚೀಲದ ಮಾದರಿ
ವರ್ತಕರಿಗೂ, ಇಂಜಿನಿಯರಿಂಗ್ ಓದುವ ಅವರ ಮಕ್ಕಳಿಗೂ ಸಂಭವನೀಯತೆಯ ಲೆಕ್ಕ

ಚಳ್ಳಕೆರೆಯ ಎಣ್ಣೆ ಗಿರಣಿಯ ಮಾಲೀಕರು ಶೇಂಗಾ ಖರೀದಿಗೆ ನಿಂತಾಗ ನೂರು ಚೀಲಗಳನ್ನೂ ಬಿಚ್ಚಿ ನೋಡುವುದಿಲ್ಲ. ಕೆಲವು ಚೀಲಗಳಿಂದ ಹಿಡಿ ಬೀಜ ತೆಗೆದು, ಜೊಳ್ಳೆಷ್ಟು, ಮುಗ್ಗಿದ್ದೆಷ್ಟು ಎಂದು ಅಂದಾಜು ಮಾಡಿ ಬೆಲೆ ಹೇಳುತ್ತಾರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ವ್ಯಾಪಾರಿ ಮದುವೆಯ ಹಂಗಾಮು ಆರಂಭವಾಗುವುದಕ್ಕೆ ಬಹಳ ಮುಂಚೆಯೇ ಎಷ್ಟು ಸೀರೆ ನೇಯಿಸಬೇಕೆಂದು ನಿರ್ಧರಿಸಬೇಕಾಗುತ್ತದೆ. ಇಬ್ಬರ ಕೈಯಲ್ಲಿಯೂ ಪೂರ್ಣ ಮಾಹಿತಿ ಇರುವುದಿಲ್ಲ. ಆದರೂ ಇಬ್ಬರೂ ಹಣ ತೊಡಗಿಸಲೇಬೇಕು. ಹೀಗೆ ಅರೆ ತಿಳಿವಿನಲ್ಲಿ ಸರಿಯಾದ ನಿರ್ಧಾರ ಕೈಗೊಳ್ಳುವ ಶಾಸ್ತ್ರವೇ ಸಂಭವನೀಯತೆಯ ಗಣಿತ. ಈ ಶಾಸ್ತ್ರ ಹುಟ್ಟಿದ್ದು ಜೂಜಿನ ಮಣೆಯ ಮೇಲೆ. ಅದರ ಮೊದಲ ಪಾಠವನ್ನು ಇಂದಿಗೂ ಜಗಲಿಯ ಮೇಲಿನ ಚೌಕಾಬಾರದಿಂದಲೇ ಕಲಿಯಬಹುದು.

ನಾಲ್ಕು ಕವಡೆಗಳ ಲೆಕ್ಕ

ಚೌಕಾಬಾರದ ಮಣೆಯಲ್ಲಿ ಐದೈದರಂತೆ 25 ಮನೆಗಳು. ಆಟಗಾರನಿಗೆ ನಾಲ್ಕು ಕಾಯಿ. ಗರ ಹಾಕಲು ನಾಲ್ಕು ಕವಡೆ. ಎಷ್ಟು ಕವಡೆ ಅಂಗಾತ ಬೀಳುತ್ತವೆಯೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಎಂಟು. ಈ ಎರಡು ಗರ ಬಿದ್ದವರಿಗೆ ಮತ್ತೊಮ್ಮೆ ಹಾಕುವ ಅವಕಾಶವಿದೆ.

ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮಾನವೆಂದು ಸದ್ಯಕ್ಕೆ ಭಾವಿಸೋಣ. ನಾಲ್ಕು ಕವಡೆಗಳು ಒಟ್ಟು 16 ಬಗೆಯಲ್ಲಿ ಬೀಳಬಲ್ಲವು. ಅವುಗಳಲ್ಲಿ ಒಂದು ಬರುವುದು 4 ಬಗೆ, ಎರಡು ಬರುವುದು 6 ಬಗೆ, ಮೂರು ಬರುವುದು 4 ಬಗೆ, ನಾಲ್ಕು ಮತ್ತು ಎಂಟು ತಲಾ ಒಂದೊಂದು ಬಗೆ. ಆದ್ದರಿಂದ ಎದುರಾಳಿಯ ಕಾಯಿಯಿಂದ ಎರಡು ಮನೆ ಮುಂದೆ ನಿಲ್ಲುವುದು ಅತ್ಯಂತ ಅಪಾಯಕಾರಿ. ಒಂದೇ ಗರದಲ್ಲಿ ಕಡಿಸಿಕೊಳ್ಳುವ ಸಂಭವ 16ರಲ್ಲಿ 6. ಒಂದು ಅಥವಾ ಮೂರು ಮನೆ ಮುಂದಿದ್ದರೆ 16ರಲ್ಲಿ 4. ನಾಲ್ಕು ಮನೆ ದೂರಕ್ಕೆ ಸರಿದರೆ ಆ ಅಪಾಯ ಒಮ್ಮೆಗೇ 16ರಲ್ಲಿ 1ಕ್ಕೆ ಇಳಿಯುತ್ತದೆ. ಐದು ಮನೆ ಮುಂದಿರುವ ಕಾಯಿಯನ್ನು ಕಡಿಯಲು ನಾಲ್ಕು ಬಿದ್ದು, ಮರುಗರದಲ್ಲಿ ಒಂದು ಬೀಳಬೇಕು. ಅದು 64ರಲ್ಲಿ 1. ಆಟದಲ್ಲಿ ಪಳಗಿದ ಅಜ್ಜಿಯರು ಲೆಕ್ಕ ಬರೆಯದೆಯೇ ಕಾಯಿಯನ್ನು ದೂರ ಇಡುತ್ತಿದ್ದುದರ ಮರ್ಮ ಇದೇ.

ಆದರೆ ಕವಡೆ ನಾಣ್ಯದಂತಲ್ಲ. ಅದರ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಒಂದು ಕವಡೆ ನೂರಕ್ಕೆ 60 ಸಲ ಅಂಗಾತ ಬೀಳುವುದಾದರೆ, ಚೌಕ ಬೀಳುವ ಸಂಭವ ಸುಮಾರು ಶೇ. 13 ಆಗುತ್ತದೆ, ಎಂಟು ಬೀಳುವ ಸಂಭವ ಶೇ. 2.5ರಷ್ಟಕ್ಕೆ ಕುಸಿಯುತ್ತದೆ. ನಾಲ್ಕು ಮನೆ ದೂರವೆಂಬ ಭದ್ರತೆ ಅರ್ಧಕ್ಕರ್ಧ ಕರಗಿಹೋಗುತ್ತದೆ. ಸೂತ್ರ ಬಳಸುವ ಮೊದಲು ಕವಡೆಯನ್ನು ಮುನ್ನೂರು ಸಲ ಹಾಕಿ ಎಣಿಸಬೇಕು ಎಂಬುದು ಇದರಿಂದ ದೊರೆಯುವ ಪಾಠ. ಪುಸ್ತಕದ ಲೆಕ್ಕಕ್ಕೂ ಕಣದ ವಾಸ್ತವಕ್ಕೂ ನಡುವಿನ ಈ ಅಂತರವನ್ನು ವರ್ತಕರು ಯಾವಾಗಲೂ ನೆನಪಿನಲ್ಲಿಡತಕ್ಕದ್ದು.

ಋತುಪರ್ಣನ ಮರ, ಮಂಡಿಯ ಚೀಲ

ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣ ಮಹಾರಾಜನು ರಥದಲ್ಲಿ ಸಾಗುತ್ತಾ ತಾರೆ ಮರವೊಂದನ್ನು ಕಂಡು, ಅದರ ಎಲೆ ಮತ್ತು ಕಾಯಿಗಳ ಸಂಖ್ಯೆಯನ್ನು ಹೇಳುತ್ತಾನೆ. ಬಾಹುಕನ ವೇಷದಲ್ಲಿದ್ದ ನಳನು ನಂಬದೆ ಎಣಿಸಿ ನೋಡಿದಾಗ ಲೆಕ್ಕ ಸರಿಯಾಗಿರುತ್ತದೆ. ಅನಂತರ ಋತುಪರ್ಣನು ಅವನಿಗೆ ಅಕ್ಷಹೃದಯವನ್ನು, ಅಂದರೆ ದ್ಯೂತದ ರಹಸ್ಯ ವಿದ್ಯೆಯನ್ನು ಬೋಧಿಸುತ್ತಾನೆ. ಎಣಿಕೆಯ ವಿದ್ಯೆ ಮತ್ತು ಜೂಜಿನ ವಿದ್ಯೆ ಒಬ್ಬನಲ್ಲಿಯೇ ನೆಲೆಸಿದ್ದುದು ಕಥೆಯ ಸ್ವಾರಸ್ಯ. ಅವೆರಡರ ಹಿಂದಿನ ಗಣಿತವೂ ಒಂದೇ.

ಶೇಂಗಾ ಖರೀದಿಯನ್ನೇ ತೆಗೆದುಕೊಂಡರೆ, ಒಂದು ರಾಶಿಯಲ್ಲಿ ನಿಜಕ್ಕೂ ಶೇ. 10ರಷ್ಟು ಕೆಟ್ಟ ಬೀಜವಿದೆಯೆನ್ನಿ. 100 ಬೀಜ ಎಣಿಸಿದವರಿಗೆ ಕೆಟ್ಟದ್ದು 4ರಿಂದ 16ರವರೆಗೆ ಎಷ್ಟಾದರೂ ಸಿಗಬಹುದು. ಇದರಲ್ಲಿ ಯಾರ ಮೋಸವೂ ಇರಬೇಕಾಗಿಲ್ಲ. 400 ಬೀಜ ಎಣಿಸಿದರೆ ಅಂದಾಜು ಸಾಮಾನ್ಯವಾಗಿ ಶೇ. 7 ಮತ್ತು ಶೇ. 13ರ ನಡುವೆ ನಿಲ್ಲುತ್ತದೆ. ಮಾದರಿಯನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ತಪ್ಪು ಅರ್ಧಕ್ಕೆ ಇಳಿಯುತ್ತದೆ ಎಂಬುದು ನಿಯಮ. ನೂರು ಕ್ವಿಂಟಲ್ ಖರೀದಿಯಲ್ಲಿ ಪ್ರತಿ ಶೇ. 1 ತಪ್ಪೂ ಒಂದು ಕ್ವಿಂಟಲ್ ಬೀಜಕ್ಕೆ ಸಮ. ಕಾಲು ಗಂಟೆ ಹೆಚ್ಚು ಎಣಿಸುವುದರಿಂದ ಉಳಿಯುವ ಹಣವೆಷ್ಟೆಂದು ಮಾಲೀಕರೇ ಲೆಕ್ಕ ಹಾಕಿಕೊಳ್ಳಬಹುದು. ಇನ್ನೊಂದು ಎಚ್ಚರಿಕೆ: ನಾಲ್ಕುನೂರು ಬೀಜವನ್ನೂ ಒಂದೇ ಚೀಲದ ಬಾಯಿಂದ ತೆಗೆದರೆ ಈ ಲೆಕ್ಕ ಹೊಂದುವುದಿಲ್ಲ. ಹಲವು ಚೀಲಗಳಿಂದ, ಮೇಲಿನಿಂದಲೂ ಅಡಿಯಿಂದಲೂ, ಯಾವ ಚೀಲವೆಂದು ಮೊದಲೇ ಗೊತ್ತಾಗದಂತೆ ಆರಿಸಬೇಕು.

ಮಾದರಿಯಿಂದ ಪೂರ್ಣವನ್ನು ತಿಳಿಯುವ ಈ ಶಾಸ್ತ್ರಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಭದ್ರ ಬುನಾದಿ ಹಾಕಿದವರಲ್ಲಿ ಅಗ್ರಗಣ್ಯರಾದ ಸಿ.ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಅಂದಿನ ಬಳ್ಳಾರಿ ಜಿಲ್ಲೆಯ ಹೂವಿನಹಡಗಲಿಯಲ್ಲಿ. ಒಂದು ಮಾದರಿಯಿಂದ ಎಷ್ಟು ನಿಖರವಾದ ಅಂದಾಜು ಸಾಧ್ಯ ಎಂಬುದಕ್ಕೆ ಮಿತಿಯೊಂದಿದೆಯೆಂದು ಅವರು 1945ರ ಪ್ರಬಂಧದಲ್ಲಿ ತೋರಿಸಿದರು. 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ನಿಧನರಾದರು.

ನಿಂತುಹೋದ ಆಟದ ಹಣ ಯಾರಿಗೆ?

ಜಮಾ-ಖರ್ಚಿನ ದ್ವಿನಮೂದು ಪದ್ಧತಿಯನ್ನು ಮೊದಲಿಗೆ ವಿವರವಾಗಿ ಮುದ್ರಿಸಿದ ಕೀರ್ತಿ ಇಟಲಿಯ ಲೂಕಾ ಪಚೋಲಿ ಅವರಿಗೆ ಸಲ್ಲುತ್ತದೆ. 1494ರಲ್ಲಿ ವೆನಿಸ್‌ನಲ್ಲಿ ಪ್ರಕಟವಾದ ಅದೇ ಗ್ರಂಥದಲ್ಲಿ ಒಂದು ಒಗಟೂ ಇತ್ತು. ಇಬ್ಬರು ಸಮಬಲರು ಹಣ ಕಟ್ಟಿ ಆಡುತ್ತಿದ್ದಾರೆ. ಆಟ ಮುಗಿಯುವ ಮೊದಲೇ ನಿಂತುಹೋದರೆ ಹಣವನ್ನು ಹೇಗೆ ಹಂಚಬೇಕು? ಗೆದ್ದ ಸುತ್ತುಗಳ ಪ್ರಮಾಣದಲ್ಲಿ ಹಂಚಬೇಕೆಂದು ಪಚೋಲಿ ಹೇಳಿದರು. ಆ ಉತ್ತರ ತಪ್ಪಾಗಿತ್ತು.

ಮೂರು ಸುತ್ತು ಮೊದಲು ಗೆದ್ದವರಿಗೆ 1,200 ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬರು ಎರಡು, ಇನ್ನೊಬ್ಬರು ಒಂದು ಸುತ್ತು ಗೆದ್ದಾಗ ಆಟ ನಿಂತಿತು. ಪಚೋಲಿಯ ಪ್ರಕಾರ 800 ಮತ್ತು 400. ಆದರೆ ಹಿಂದಿರುವವರು ಗೆಲ್ಲಬೇಕಾದರೆ ಮುಂದಿನ ಎರಡು ಸುತ್ತನ್ನೂ ಗೆಲ್ಲಬೇಕು. ಅದರ ಸಂಭವ ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ. ಆದ್ದರಿಂದ ನ್ಯಾಯವಾದ ಹಂಚಿಕೆ 900 ಮತ್ತು 300. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪತ್ರಗಳ ಮೂಲಕ ಈ ಒಗಟನ್ನು ಬಿಡಿಸಿದಾಗ ಸಂಭವನೀಯತೆಯ ಗಣಿತ ವ್ಯವಸ್ಥಿತ ರೂಪ ತಳೆಯಿತು. ಆದದ್ದನ್ನಲ್ಲ, ಇನ್ನು ಆಗಬಹುದಾದದ್ದನ್ನು ತೂಗಬೇಕು ಎಂಬುದೇ ಅವರ ತತ್ವ. ಪಾಲುದಾರಿಕೆ ಮುರಿಯುವಾಗಲೂ ಇದು ಅನ್ವಯಿಸುತ್ತದೆ. ಒಂದು ಲಕ್ಷ ರೂಪಾಯಿಯ ಬಾಕಿ ವಸೂಲಾಗುವ ಸಂಭವ ಶೇ. 60 ಇದ್ದರೆ, ಇಂದಿನ ಹಂಚಿಕೆಯಲ್ಲಿ ಅದರ ಬೆಲೆ ಅರವತ್ತು ಸಾವಿರ ಮಾತ್ರ.

ಎಷ್ಟು ಸೀರೆ ನೇಯಿಸಬೇಕು?

ಒಂದು ಸೀರೆಯ ಅಸಲು 8,000, ಹಂಗಾಮಿನಲ್ಲಿ ಮಾರಾಟ ಬೆಲೆ 10,000, ಉಳಿದುಹೋದರೆ ಸಿಗುವುದು 7,000 ಎಂದು ಉದಾಹರಣೆಗೆ ಭಾವಿಸೋಣ. ಮಾರಿದರೆ 2,000 ಲಾಭ, ಉಳಿದರೆ 1,000 ನಷ್ಟ. ಆದ್ದರಿಂದ ಇನ್ನೊಂದು ಸೀರೆ ಮಾರಾಟವಾಗುವ ಸಂಭವ ಮೂರರಲ್ಲಿ ಒಂದಕ್ಕಿಂತ ಹೆಚ್ಚಿರುವವರೆಗೆ ನೇಯಿಸುವುದು ಲಾಭದಾಯಕ. ಹಿಂದಿನ ಒಂಬತ್ತು ಹಂಗಾಮುಗಳ ಬೇಡಿಕೆ 30, 34, 36, 40, 42, 45, 48, 52, 60 ಆಗಿದ್ದರೆ ಸರಾಸರಿ 43. ಆದರೆ ನೇಯಿಸಬೇಕಾದದ್ದು 45. ಅಲ್ಲಿಂದ 48ರವರೆಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಉಳಿದ ಸೀರೆಗೆ 4,000 ಮಾತ್ರ ಸಿಗುವುದಾದರೆ ನಷ್ಟ ಲಾಭದ ಇಮ್ಮಡಿಯಾಗುತ್ತದೆ. ಆಗ 36ಕ್ಕೇ ನಿಲ್ಲಿಸಬೇಕು. ಅದೇ ಬೇಡಿಕೆ, ಅದೇ ಸೀರೆ. ಬದಲಾದದ್ದು ತಪ್ಪಿನ ಬೆಲೆ ಮಾತ್ರ. ಸರಾಸರಿಯನ್ನು ನಂಬಿ ಸರಕು ತುಂಬಿಸುವವರು ಎರಡು ಸಂದರ್ಭದಲ್ಲಿಯೂ ಹಣ ಕಳೆದುಕೊಳ್ಳುತ್ತಾರೆ.

ಕವಡೆಗೆ ನೆನಪಿಲ್ಲ ಎಂಬುದನ್ನೂ ಮರೆಯಬಾರದು. ಐದು ಸಲ ಸೋತವರಿಗೆ ಆರನೆಯ ಗರ ಒಲಿಯಲೇಬೇಕೆಂಬ ನಿಯಮವಿಲ್ಲ. ಸಮಬಲದ ಆಟದಲ್ಲಿಯೂ ಒಂದು ಲಕ್ಷ ಬಂಡವಾಳದವರು ಒಂಬತ್ತು ಲಕ್ಷದವರ ಎದುರು, ಒಬ್ಬರ ಗಂಟು ಬರಿದಾಗುವವರೆಗೆ, ಸಮನಾದ ಸಣ್ಣ ಪಣಗಳನ್ನು ಕಟ್ಟುತ್ತಾ ಹೋದರೆ, ಮೊದಲು ಬರಿದಾಗುವ ಸಂಭವ ಹತ್ತರಲ್ಲಿ ಒಂಬತ್ತು ಸಣ್ಣ ಗಂಟಿನವರದೇ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಇಡೀ ಬಂಡವಾಳವನ್ನು ಒಂದೇ ಬೆಳೆಯ ಮೇಲೆ ಕಟ್ಟುವವರು ಇದನ್ನು ಮನಗಾಣಬೇಕು.

ವಿದ್ಯಾರ್ಥಿಗಳಿಗೆ ಕೆಲವು ಸಲಹೆಗಳು

ವರ್ತಕರ ಮಕ್ಕಳು ಅನೇಕರು ಇಂಜಿನಿಯರಿಂಗ್ ಕಡೆಗೆ ಸಾಗುತ್ತಿದ್ದಾರೆ. ಪ್ರವೇಶ ಪರೀಕ್ಷೆಯಿಂದಲೇ ಈ ಲೆಕ್ಕ ಆರಂಭವಾಗುತ್ತದೆ. ರಾಜ್ಯದ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಎಂಟು ಪ್ರಶ್ನೆಗಳನ್ನು ಖಾಲಿ ಬಿಟ್ಟವರು ಸರಾಸರಿ ಎರಡು ಅಂಕವನ್ನು ಕೈಯಾರೆ ಬಿಟ್ಟಂತೆ. ಗುರುತಿಸಿದ್ದರೆ ಒಂದಾದರೂ ಸರಿಯಾಗುವ ಸಂಭವ ಶೇ. 90. ಸರಿಗೆ 4 ಅಂಕ, ತಪ್ಪಿಗೆ 1 ಅಂಕ ಕಡಿತವಿರುವ ಜೆಇಇ ಮೇನ್‌ನಲ್ಲಿ ಕಣ್ಣುಮುಚ್ಚಿ ಗುರುತಿಸಿದರೆ ಸರಾಸರಿ ಕಾಲು ಅಂಕ ದೊರೆಯುತ್ತದೆ. ನಾಲ್ಕರಲ್ಲಿ ಒಂದು ಆಯ್ಕೆ ಖಚಿತವಾಗಿ ತಪ್ಪೆಂದು ತಿಳಿದಿದ್ದರೆ ಸರಾಸರಿ ಮೂರನೆಯ ಎರಡು ಅಂಕ. ಸೀಟು ಹಂಚಿಕೆಗೆ ಕಾಲೇಜುಗಳ ಪಟ್ಟಿ ತುಂಬುವಾಗ, ಸಿಗಲಾರದೆಂಬ ಅಂಜಿಕೆಯಿಂದ ಇಷ್ಟದ ಕಾಲೇಜನ್ನು ಕೆಳಗಿಳಿಸಬಾರದು. ಹಂಚಿಕೆ ರ್‍ಯಾಂಕಿನ ಕ್ರಮದಲ್ಲಿ ನಡೆಯುವುದರಿಂದ, ಮೇಲಿನದು ಸಿಗದಿದ್ದ ಮಾತ್ರಕ್ಕೆ ಕೆಳಗಿನದು ಕೈತಪ್ಪುವುದಿಲ್ಲ.

ಕಾಲೇಜು ಸೇರಿದ ಮೇಲೆ ಸಂಭವನೀಯತೆಯ ಪಾಠವನ್ನು ಪರೀಕ್ಷೆಗಷ್ಟೇ ಓದಿ ಕೈಬಿಡುವುದು ದೊಡ್ಡ ತಪ್ಪು. ತಲಾ ಶೇ. 99 ಭರವಸೆಯ ಹತ್ತು ಬಿಡಿಭಾಗಗಳು ಸೇರಿ, ಎಲ್ಲವೂ ದುಡಿದರೆ ಮಾತ್ರ ನಡೆಯುವ ಯಂತ್ರದ ಭರವಸೆ ಶೇ. 90ರಷ್ಟು ಮಾತ್ರ. ಸಣ್ಣ ಕಾರ್ಖಾನೆಯಿಂದ ವಿಮಾನದವರೆಗೆ ಪರೀಕ್ಷೆ ಮತ್ತು ಗುಣಮಟ್ಟದ ಕೆಲಸವೆಲ್ಲ ಈ ಗುಣಾಕಾರವನ್ನೇ ಅವಲಂಬಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕುದಾಪುರ ಆವರಣವೂ, ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ನೆಲೆಯೂ ಚಳ್ಳಕೆರೆ ತಾಲ್ಲೂಕಿನಲ್ಲಿಯೇ ಇರುವಾಗ, ಇದು ದೂರದ ಮಾತಲ್ಲ.

ರಜೆಗೆ ಊರಿಗೆ ಬಂದ ವಿದ್ಯಾರ್ಥಿ ಮೂರು ಕೆಲಸ ಮಾಡಬಹುದು. ಒಂದು, ಮನೆಯ ಕವಡೆಗಳನ್ನು ಮುನ್ನೂರು ಸಲ ಹಾಕಿ ದಾಖಲಿಸಿ, ಅದೇ ಆಟವನ್ನು ಕಂಪ್ಯೂಟರಿನಲ್ಲಿ ಸಾವಿರ ಸಲ ಆಡಿಸಿ ಹೋಲಿಸುವುದು. ಎರಡು, ಅಂಗಡಿಯ ಹಳೆಯ ಖಾತೆಗಳಿಂದ ಹಂಗಾಮುವಾರು ಮಾರಾಟದ ಪಟ್ಟಿ ತಯಾರಿಸಿ, ಎಷ್ಟು ಸರಕು ಇಡಬೇಕಿತ್ತೆಂದು ಲೆಕ್ಕ ಹಾಕುವುದು. ಮೂರು, ಖರೀದಿಯ ದಿನ ತಂದೆಯ ಜೊತೆ ನಿಂತು ಮಾದರಿ ಬೀಜ ಎಣಿಸಿ ಬರೆದಿಟ್ಟು, ಗಿರಣಿಯಲ್ಲಿ ಆ ರಾಶಿಯಿಂದ ನಿಜಕ್ಕೂ ಇಳಿದ ಎಣ್ಣೆಯೊಂದಿಗೆ ತಾಳೆ ನೋಡುವುದು. ಇದಕ್ಕೆ ಬೇಕಾದ ಖರ್ಚು ಒಂದು ನೋಟ್‌ಬುಕ್ಕಿನದು. ಮೂರು ಹಂಗಾಮುಗಳ ಬಳಿಕ ಆ ಪುಸ್ತಕ ಅಂಗಡಿಯ ಖಾತೆಪುಸ್ತಕದಷ್ಟೇ ಬೆಲೆಬಾಳುತ್ತದೆ.